ಅತ್ತೆಯ ದೋಣಿಗೆ ಎಲ್‌ಇಡಿ ಬಲ್ಬು ಹಾಕಿದ್ದು

ನಮ್ಮ ಸೋದರತ್ತೆಗೆ ಹೆದರಿಕೆ ಎನ್ನುವುದೇ ಇಲ್ಲ. ಇದು ಹೊಗಳಿಕೆಯಲ್ಲ, ದೂರು. ಹೆದರಿಕೆಯನ್ನು ಹಂಚುವ ಕಾಲಕ್ಕೆ ನಮ್ಮ ಮನೆತನದ ಪಾಲನ್ನೆಲ್ಲ ಒಟ್ಟುಮಾಡಿ ನನ್ನೊಬ್ಬನ ತಲೆಗೆ ಕಟ್ಟಿ, ಅತ್ತೆ ಕೈ ತೊಳೆದುಕೊಂಡು ಹೋಗಿದ್ದಾರೆ ಎಂದು ನನ್ನ ಗುಮಾನಿ. ತೋಟಕ್ಕೆ ಆನೆ ಬಂದಿದೆ ಎಂದರೆ ಯಾವ ಕಡೆಯ ಬೇಲಿ ಮುರಿಯಿತು ಎಂದು ಕೇಳಿ ಕಾಫಿ ಮುಗಿಸುವವರು ಅವರು. ಹಲಸಿನ ಎಲೆ ಬಿದ್ದ ಸದ್ದಿಗೆ ಎದ್ದು ಕೂರುವವನು ನಾನು. ಇಂಥ ಇಬ್ಬರನ್ನು ಒಂದೇ ದೋಣಿಯಲ್ಲಿ ಕೂರಿಸಬಾರದು. ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಕಂಡಷ್ಟೇ ಹೇಳುತ್ತೇನೆ. ಹೆಚ್ಚಿಸಿ ಹೇಳುವ ಧೈರ್ಯ ನನಗಿಲ್ಲ.

ಕಳಸದ ಕಡೆಯ ಕಾಫಿ ತೋಟದಲ್ಲಿ ದೋಣಿಗೇನು ಕೆಲಸ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅತ್ತೆಯ ತೋಟದ ನಡುವೆ ಒಂದು ದೊಡ್ಡ ಕೆರೆಯಿದೆ. ಬೇಸಿಗೆಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲೆಂದು ಮಾವ ಕಟ್ಟಿಸಿದ್ದು. ಸುತ್ತ ಗುಡ್ಡಗಳಿರುವುದರಿಂದ ಆ ತೋಟದಲ್ಲಿ ಎಲ್ಲಿ ನಿಂತರೂ, ಯಾವ ಮರ ಹತ್ತಿದರೂ ಮೊಬೈಲಿಗೆ ಸಿಗ್ನಲ್ ಇಲ್ಲ. ಒಂದು ದಿನ ತೋಟದ ಮೇಸ್ತ್ರಿ ಗಾಳಿ ತುಂಬಿದ ಲಾರಿ ಟ್ಯೂಬಿನ ಮೇಲೆ ಕೂತು ಮೀನಿಗೆ ಬಲೆ ಬಿಡುತ್ತಿದ್ದಾಗ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೋಪಿಯೊಳಗೆ ಇಟ್ಟುಕೊಂಡಿದ್ದ ಅವನ ಫೋನು ತಲೆಯ ಮೇಲೆಯೇ ರಿಂಗಾಯಿತು. ಬೆಚ್ಚಿ ನೀರಿಗೆ ಬಿದ್ದ. ಹೀಗೆ ಗೊತ್ತಾಯಿತು: ಕೆರೆಯ ನಟ್ಟನಡುವೆ, ಎರಡು ಗುಡ್ಡಗಳ ಸಂದಿಯಿಂದ ಒಂದಿಷ್ಟು ಸಿಗ್ನಲ್ ತೂರಿ ಬರುತ್ತದೆ. ಅದೂ ಪೂರ್ತಿ ಬರುತ್ತದೆ! ಮುಖ ನೋಡಿ ಮಾತಾಡುವಷ್ಟು.

ಅತ್ತೆಗೆ ಬೇಕಾದದ್ದು ಅದೇ. ಮಾವನ ಕಿಡ್ನಿ ಕೈಕೊಟ್ಟ ಮೇಲೆ ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಳೆಗಾಲದಲ್ಲಿ ರಸ್ತೆ ಯಾವ ತಿರುವಿನಲ್ಲಿ ಕುಸಿಯುತ್ತದೋ ಹೇಳಲಾಗುವುದಿಲ್ಲ. ಆದ್ದರಿಂದ ಮಳೆಗಾಲ ಪೂರ್ತಿ ಅವರು ಚಿಕ್ಕಮಗಳೂರಿನಲ್ಲಿ ತಮ್ಮನ ಮನೆಯಲ್ಲಿರುತ್ತಾರೆ. ತೋಟ ಬಿಟ್ಟು ಅತ್ತೆ ಹೋಗುವಂತಿಲ್ಲ. ಸಂಜೆಯ ಹೊತ್ತು ಹೆಂಡತಿಯ ಮುಖ ಫೋನಿನಲ್ಲಿ ಕಾಣುವವರೆಗೆ ಮಾವ ಮಾತ್ರೆ ಮುಟ್ಟುವುದಿಲ್ಲ, ಊಟಕ್ಕೆ ಏಳುವುದಿಲ್ಲ. ತಮ್ಮ ಗದರಿಸಿದರೂ ಇಲ್ಲ, ಡಾಕ್ಟರು ಬೈದರೂ ಇಲ್ಲ. ಹೀಗಾಗಿ ಅತ್ತೆ ಪ್ರತಿ ಸಂಜೆ ಕೆರೆಯ ನಡುವೆ ಇರಲೇಬೇಕು. ಇದಕ್ಕೆ ಟ್ಯೂಬು ಸಾಲದು.

ಆದ್ದರಿಂದ ದೋಣಿ. ಕರಾವಳಿಯಲ್ಲಿ ಪ್ರವಾಸಿಗರನ್ನು ಸುತ್ತಿಸಿ ಸುಸ್ತಾಗಿದ್ದ, ಮೇಲೆ ತಗಡಿನ ಕೋಣೆಯಿರುವ ಹಳೆಯ ದೋಣಿಯೊಂದನ್ನು ಅತ್ತೆ ಕೊಂಡು, ಲಾರಿಯ ಮೇಲೆ ಹೇರಿಸಿ ಚಾರ್ಮಾಡಿ ಘಾಟಿ ಹತ್ತಿಸಿದರು. ಕೊಟ್ಟಿಗೆಹಾರದ ಹೋಟೆಲಿನ ಮುಂದೆ ಲಾರಿ ನಿಂತಾಗ ಜನ ಎದ್ದು ಬಂದು ನೋಡಿದರಂತೆ. ಈ ವರ್ಷ ಮಳೆ ಅಷ್ಟೊಂದು ಜೋರಾ ಎಂದು ಒಬ್ಬರು ಕೇಳಿದರು. ಅತ್ತೆ ನೀರುದೋಸೆ ಮುರಿಯುತ್ತ, "ನಿಮ್ಗಿನ್ನೂ ಯಾರೂ ಹೇಳಿಲ್ವಾ?" ಎಂದಷ್ಟೇ ಅಂದರು. ಆಮೇಲೆ ಆ ಹೋಟೆಲಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲವಂತೆ.

ದೋಣಿಗೆ ಒಂದು ಸಣ್ಣ ಕರೆಂಟ್ ಮೋಟಾರು, ಒಂದು ಬ್ಯಾಟರಿ, ಕೋಣೆಯೊಳಗೆ ಹಳೇ ಕಾಲದ ತಂತಿ ಬಲ್ಬುಗಳು. ಹುಟ್ಟು ಒಂದಿತ್ತು. ಈಗ ಅದು ಕಾಫಿ ಒಣಗಿಸುವ ಕಣದಲ್ಲಿದೆ. ಪಾರ್ಚ್‌ಮೆಂಟ್ ಕಾಫಿ ಬೀಜ ಹರಡಲು ಅದಕ್ಕಿಂತ ಒಳ್ಳೆಯ ಹಲಗೆ ಸಿಗುವುದಿಲ್ಲ ಎಂದು ಅತ್ತೆಯ ತೀರ್ಮಾನ. ನೀರಿನಲ್ಲಿ ಹುಟ್ಟು ಬೇಕಾದರೆ ಎಂದು ಕೇಳಿದರೆ, ಮೋಟಾರು ಯಾಕಿರುವುದು ಎಂಬ ಉತ್ತರ. ಬ್ಯಾಟರಿ ಮುಗಿದರೆ? ಬಲ್ಬು ಹೇಳುತ್ತದಲ್ಲ ಮಾರಾಯ!

ಇದೊಂದು ನಿಜ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಮನೆಯಲ್ಲೂ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು ಮೀಟರಿನಲ್ಲಿ ಅಲ್ಲ, ಬಲ್ಬಿನ ಬಣ್ಣದಲ್ಲಿ. ಬಲ್ಬು ನಿಂಬೆಹಣ್ಣಿನಂತಿದ್ದರೆ ಹರಟೆ ಹೊಡೆಯಬಹುದು. ಕಿತ್ತಳೆಯಾದರೆ ಊಟಕ್ಕೆ ಕೂರಬೇಕು. ಕೆಂಪಾದರೆ ಹಾಸಿಗೆ ಹುಡುಕಬೇಕು. ಅತ್ತೆ ಇದೇ ಕಾಯಿದೆಯನ್ನು ದೋಣಿಗೂ ತಂದಿದ್ದರು. ಕಿತ್ತಳೆ ಬಣ್ಣ ಬಂದ ಕೂಡಲೆ ಮಾವನಿಗೆ ನಾಳೆ ಸಿಗುತ್ತೇನೆಂದು ಹೇಳಿ ದೋಣಿ ತಿರುಗಿಸುವುದು. ಎರಡು ಮಳೆಗಾಲ ಹೀಗೆಯೇ ಕಳೆದಿತ್ತು.

ಕಳೆದ ಆಷಾಢದಲ್ಲಿ, ಅಕ್ಕ ಒಬ್ಬಳೇ ಇದ್ದಾಳೆ ಹೋಗಿ ಬಾ ಎಂದು ಅಪ್ಪ ನನ್ನನ್ನು ಕಳಿಸಿದರು. ಮೊದಲ ಸಂಜೆಯೇ ಅತ್ತೆ ನನ್ನನ್ನು ದೋಣಿಗೆ ಹತ್ತಿಸಿದರು. ನನಗೆ ಈಜು ಬರುವುದಿಲ್ಲ. ಅತ್ತೆಗೂ ಬರುವುದಿಲ್ಲ, ಆದರೆ ಅದು ಅವರಿಗೆ ಒಂದು ವಿಷಯವೇ ಅಲ್ಲ. ನಾನು ಗಿಡಕ್ಕೆ ಹೊಡೆಯುವ ಔಷಧಿಯ ಎರಡು ಖಾಲಿ ಕ್ಯಾನುಗಳನ್ನು ಎರಡೂ ಕಂಕುಳಿಗೆ ಕಟ್ಟಿಕೊಂಡು ಕೂತೆ. ಮಾವ ಫೋನಿನಲ್ಲಿ ನನ್ನನ್ನು ನೋಡಿ, ಇವನಿಗೇನು ರೆಕ್ಕೆ ಬಂದಿದೆಯಾ ಎಂದು ಕೇಳಿದರು. ಆಮೇಲೆ ಅತ್ತೆಯನ್ನು ನೋಡಿ ಅವರ ನಗು ನಿಂತಿತು. ಹಳದಿಯಾಗಿ ಕಾಣುತ್ತೀಯಲ್ಲ, ಕಾಮಾಲೆ ಏನಾದರೂ ಆಗಿದೆಯಾ, ಕಣ್ಣು ತೋರಿಸು ಎಂದರು. ಬಲ್ಬಿನ ಬೆಳಕು ಎಂದು ಅತ್ತೆ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಇದ್ದ ಚಾರ್ಜೆಲ್ಲ ಕಣ್ಣು ತೋರಿಸುವುದರಲ್ಲೇ ಮುಗಿಯಿತು.

ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಆಲ್ದೂರಿಗೆ ಓಡಿಸಿದರು, ಎಲ್‌ಇಡಿ ಬಲ್ಬು ತರಲು. ಕಾರಣ? ಬ್ಯಾಟರಿ ಉಳಿಯುತ್ತದೆ ಎಂದರು. ಕಾಮಾಲೆಯ ಮಾತೇ ಎತ್ತಲಿಲ್ಲ. ಹತ್ತಿರದ ಕಳಸ ಬಿಟ್ಟು ಆಲ್ದೂರಿಗೇ ಯಾಕೆ ಎಂದರೆ, ಅಲ್ಲಿಯ ಅಂಗಡಿಯವನು ಒಂದು ವರ್ಷ ಗ್ಯಾರಂಟಿ ಬರೆದುಕೊಡುತ್ತಾನಂತೆ. ಬಲ್ಬಿಗೆ ಗ್ಯಾರಂಟಿ ಇದೆ, ಅತ್ತೆ, ದೋಣಿಯಲ್ಲಿ ಕೂರುವವರಿಗೆ? ಇದನ್ನು ನಾನು ಬಸ್ಸಿನಲ್ಲಿ ಕೂತ ಮೇಲೆ, ಮನಸ್ಸಿನಲ್ಲೇ ಕೇಳಿದೆ.

ಹಳೆಯ ಬಲ್ಬುಗಳನ್ನು ತೆಗೆದು ಹೊಸದನ್ನು ಹಾಕಿದಾಗ ಕೋಣೆ ಆಪರೇಷನ್ ಥಿಯೇಟರಿನ ಹಾಗಾಯಿತು. ಮಾವನಿಗೆ ಬಹಳ ಖುಷಿ. ಅತ್ತೆಗೂ ಖುಷಿ, ಆದರೆ ಉಳಿತಾಯದ ಖುಷಿ ಮನುಷ್ಯರನ್ನು ಸುಮ್ಮನೆ ಕೂರಲು ಬಿಡುತ್ತದೆಯೇ? ಇಷ್ಟು ಉಳಿಯುತ್ತದೆ ಎಂದ ಮೇಲೆ ಕಿಟಕಿಗೊಂದು ಬಲ್ಬು ಇರಲಿ ಎಂದರು. ಬೆಂಚಿನ ಕೆಳಗೊಂದು. ಬ್ಯಾಟರಿ ಕಾಣಲಿ ಎಂದು ಬ್ಯಾಟರಿಯ ನೆತ್ತಿಗೇ ಒಂದು! ಉಳಿದದ್ದರಲ್ಲಿ ರೇಡಿಯೋ. ಅದರಿಂದಲೂ ಉಳಿದದ್ದರಲ್ಲಿ, ಇನ್ನೂ ಹತ್ತು ನಿಮಿಷ ಮಾತು. ಪ್ರತಿ ಸಂಜೆ ನಾನು ಬಲ್ಬನ್ನು ದಿಟ್ಟಿಸಿ ನೋಡುತ್ತಿದ್ದೆ. ಅದು ಹಾಲಿನಂತೆ ಬೆಳ್ಳಗೆ ಉರಿಯುತ್ತಿತ್ತು. ನಿಂಬೆಯೂ ಇಲ್ಲ, ಕಿತ್ತಳೆಯೂ ಇಲ್ಲ. ನೋಡು, ಬ್ಯಾಟರಿ ಮುಗಿಯುವುದೇ ಇಲ್ಲ ಎಂದು ಅತ್ತೆ ನನಗೆ ತೋರಿಸುತ್ತಿದ್ದರು. ನಾನೂ ನಂಬಿದೆ. ಎಲ್‌ಇಡಿ ಬಲ್ಬು ಬ್ಯಾಟರಿ ಸೊರಗಿದರೂ ಕೊನೆಯವರೆಗೆ ಅದೇ ಮುಖದಲ್ಲಿ ಉರಿಯುತ್ತದೆ, ಏನೂ ಹೇಳುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಎರಡು ದಿನದ ಬಿಡದ ಮಳೆ ಸ್ವಲ್ಪ ಹೊಳವಾಗಿತ್ತು. ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಕೋಡಿಯ ಆಚೆ ನೀರು ಎರಡಾಳು ಆಳಕ್ಕೆ, ಬಂಡೆಗಳ ಮೇಲೆ ಬೀಳುತ್ತದೆ. ಅದರ ಸದ್ದು ಮನೆಯವರೆಗೆ ಕೇಳುತ್ತಿತ್ತು. ಇಂದು ಬೇಡ ಎಂದೆ. ಅವರು ಮಾತ್ರೆ ತಗೊಳ್ಳಬೇಕಲ್ಲ ಎಂದರು ಅತ್ತೆ. ನಾನು ಕ್ಯಾನುಗಳನ್ನು ಕಂಕುಳಿಗೆ ಕಟ್ಟಿಕೊಂಡೆ.

ನಡುವೆ ಹೋಗಿ ನಿಂತೆವು. ನಿಂತೆವು ಎಂದರೆ, ಮಳೆಗಾಲದ ಶುರುವಿನಲ್ಲಿ ಕಲ್ಲು ಕಟ್ಟಿ ಬಿಡುವ ಹಗ್ಗ ಈಗ ತಳ ಮುಟ್ಟುವುದಿಲ್ಲವಾದ್ದರಿಂದ, ಆಗಾಗ ಮೋಟಾರು ಚಾಲೂ ಮಾಡಿ ಅಲ್ಲೇ ಉಳಿಯುತ್ತಿದ್ದೆವು. ಮಾವ ಫೋನಿನಲ್ಲಿ ಬಂದರು. ಅತ್ತೆ ಮೆಣಸಿನ ಬಳ್ಳಿಯ ವಿಷಯ ಹೇಳತೊಡಗಿದರು. ಮತ್ತೊಮ್ಮೆ ಮೋಟಾರಿನ ಗುಂಡಿ ಒತ್ತಿದರು. ಅದು ಕೆಮ್ಮಿದಂತೆ ಒಂದು ಸದ್ದು ಮಾಡಿತು, ನಿಂತಿತು. ಮತ್ತೆ ಒತ್ತಿದರು. ಸದ್ದೂ ಇಲ್ಲ. ತಲೆಯ ಮೇಲೆ ಬಲ್ಬುಗಳೆಲ್ಲ ಝಗಝಗ ಉರಿಯುತ್ತಿದ್ದವು.

ದೋಣಿ ಮೆಲ್ಲಗೆ ತಿರುಗಿತು. ಆಮೇಲೆ ಹೊರಟಿತು. ಯಾವ ಕಡೆಗೆ ಎಂದು ನೋಡಲು ನಾನು ಕತ್ತು ತಿರುಗಿಸಬೇಕಾಗಿರಲಿಲ್ಲ. ಸದ್ದೇ ಹೇಳುತ್ತಿತ್ತು.

ನಾನು ಬಾಯಿ ತೆರೆದೆ. ಅತ್ತೆ ಫೋನಿಗೆ ಕಾಣದಂತೆ, ಕೆಳಗಿನಿಂದ ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಉಗುರು ನಾಟಿದವು. ಮೇಲೆ ಅವರ ಮುಖ ನಗುತ್ತಿತ್ತು. ಈ ಸಲ ಬಳ್ಳಿ ಚೆನ್ನಾಗಿದೆ, ಸೊರಗು ರೋಗವಿಲ್ಲ, ಬೋರ್ಡೋ ಔಷಧಿ ಹೊಡೆಸಿದ್ದು ಒಳ್ಳೆಯದಾಯಿತು ಎಂದು ಒಂದೇ ಸಮನೆ ಹೇಳುತ್ತಿದ್ದರು. ದನಿಯಲ್ಲಿ ಎಲ್ಲೂ ಒಡಕಿಲ್ಲ. ಮಣಿಕಟ್ಟು ಬಿಟ್ಟು ಬೆರಳಿನಲ್ಲಿ ಮೂಲೆಯಲ್ಲಿ ಒರಗಿಸಿದ್ದ ಬಿದಿರಿನ ಕೋಲನ್ನು ತೋರಿಸಿದರು. ನಾನು ಬಿದಿರನ್ನು ನೀರಿಗೆ ಇಳಿಸಿದೆ. ಇಳಿಯುತ್ತಲೇ ಹೋಯಿತು, ತಳ ಸಿಗಲಿಲ್ಲ. ಹುಟ್ಟು ಕಣದಲ್ಲಿತ್ತು. ಕೊನೆಗೆ ಎಡಗಂಕುಳಿನ ಕ್ಯಾನನ್ನು ಬಿಚ್ಚಿ, ಕವುಚಿ ಬಿದ್ದು, ಅದರಿಂದಲೇ ನೀರು ತಳ್ಳತೊಡಗಿದೆ. ಬಲಗಂಕುಳಿನದನ್ನು ಮಾತ್ರ ಬಿಚ್ಚಲಿಲ್ಲ. ದೋಣಿ ಒಂದಿಷ್ಟೂ ಕೇಳಲಿಲ್ಲ.

ನಡುವಿನಿಂದ ಸರಿದ ಮೇಲೆ ಸಿಗ್ನಲ್ ಹೋಯಿತು. ಫೋನಿನಲ್ಲಿ ಮಾವನ ಮುಖ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತು. ಅತ್ತೆ ಒಂದು ಕ್ಷಣ ಅದಕ್ಕೂ ನಕ್ಕರು. ಆಮೇಲೆ ಕನ್ನಡಕ ತೆಗೆದಿಡುವ ಹಾಗೆ ನಗುವನ್ನು ತೆಗೆದು, ನನ್ನ ಪಕ್ಕದಲ್ಲಿ ಮೊಣಕಾಲೂರಿ ಬರಿಗೈಯಿಂದ ನೀರು ತಳ್ಳತೊಡಗಿದರು.

ಕೋಡಿಯ ಬಾಯಿಯ ನೀರು ಮಡಚಿಕೊಳ್ಳುವುದು ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿದೆ. ದೋಣಿ ಯಾವುದಕ್ಕೋ ಹೊಡೆಯಿತು. ಕೋಣೆಯ ತಗಡು ನರಳಿತು, ನೀರು ಒಳಗೆ ನುಗ್ಗಿ ಅತ್ತೆ ಬೆಂಚಿನ ಅಂಚಿಗೆ ಬಿದ್ದರು. ಆಮೇಲೆ ನಾವು ಅಲ್ಲೇ ಇದ್ದೆವು. ಮೀನುಗಳು ತಪ್ಪಿಸಿಕೊಂಡು ಹೋಗದಂತೆ ಕೋಡಿಗೆ ಅಡ್ಡವಾಗಿ ಗೂಟ ಹೊಡೆದು ಬಲೆ ಕಟ್ಟಿರುತ್ತಾರೆ. ಅದರಲ್ಲಿ ಆ ವರ್ಷ ಸಿಕ್ಕಿಬಿದ್ದ ಅತಿ ದೊಡ್ಡ ಮೀನು ನಾವು!

ಗೂಟಗಳು ಅಲುಗುತ್ತಿದ್ದವು. ಒಂದೊಂದು ಅಲುಗಾಟವನ್ನೂ ನಾನು ಹಲ್ಲಿನಲ್ಲಿ ಅನುಭವಿಸಿದೆ. ಆಳುಗಳ ಲೈನಿನ ಮನೆಯ ಜಗಲಿಯಲ್ಲಿ ಕೂತಿದ್ದ ಮೇಸ್ತ್ರಿಗೆ, ಕೆರೆಯ ನಡುವೆ ಇರಬೇಕಾದ ಬೆಳಕು ಕೋಡಿಯಲ್ಲಿ ಕಂಡಿತಂತೆ. ಹಳೆಯ ಬಲ್ಬಾಗಿದ್ದರೆ ಅಷ್ಟು ದೂರಕ್ಕೆ ಕಾಣುತ್ತಲೇ ಇರಲಿಲ್ಲ. ಇಷ್ಟು ಹೇಳುವುದು ಎಲ್‌ಇಡಿಗೆ ಸಲ್ಲಬೇಕಾದ ನ್ಯಾಯ. ಅವನು ನಾಲ್ಕು ಜನರನ್ನು ಕೂಗಿ, ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಮರ ಹತ್ತುವವರ ಹಗ್ಗ ಎಸೆದು, ದೋಣಿಯನ್ನು ಏರಿಗೆ ಎಳೆದ. ನಾನು ದಡದ ಹುಲ್ಲಿನ ಮೇಲೆ ಅಂಗಾತ ಬಿದ್ದೆ. ಹುಲ್ಲು ಅಲ್ಲೇ ಇದೆಯೇ ಎಂದು ಕೈಯಲ್ಲಿ ಹಿಡಿದು ನೋಡಿದೆ.

ಅತ್ತೆ ಕೂರಲೂ ಇಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರಲು ಮೇಸ್ತ್ರಿಗೆ ಹೇಳಿದರು. ಅವನು ಅರ್ಥವಾಗದೆ ನಿಂತ.

"ಅಮ್ಮಾವ್ರೆ, ಮತ್ತೆ ಹೋಗ್ತೀರಾ?"

"ಅರ್ಧದಲ್ಲಿ ನಿಂತಿದೆ ಮಾತು. ಅವ್ರು ಫೋನು ಹಿಡ್ಕೊಂಡೇ ಕೂತಿರ್ತಾರೆ."

ಮೇಸ್ತ್ರಿ ನನ್ನ ಮುಖ ನೋಡಿದ. ಬೇಡ ಎನ್ನಲಿ ಎಂದೇ ನೋಡಿದ್ದು. ನನಗೂ ಅದನ್ನೇ ಹೇಳಬೇಕಿತ್ತು. ಚಿಕ್ಕಮಗಳೂರಿನ ಆ ಕೋಣೆಯಲ್ಲಿ, ನಗುತ್ತಲೇ ನಿಂತುಹೋದ ಒಂದು ಮುಖವನ್ನು ನೋಡುತ್ತ ಕೂತ ಮನುಷ್ಯ ಕಣ್ಣಿಗೆ ಕಟ್ಟಿದರು. ನಾನು ಕಣಕ್ಕೆ ಓಡಿ ಹುಟ್ಟು ತಂದೆ. ಮರಗಸಿಯ ಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ದೋಣಿಗೆ ಕಟ್ಟಿದೆವು. ಇನ್ನೊಂದು ತುದಿಯನ್ನು ಮೇಸ್ತ್ರಿಯೂ ಉಳಿದವರೂ ಹಿಡಿದು ಏರಿಯ ಮೇಲೆ ನಿಂತರು. ಬಲಗಂಕುಳಿನ ಕ್ಯಾನನ್ನು ಇನ್ನೊಮ್ಮೆ ಬಿಗಿದು ನಾನೂ ಹತ್ತಿದೆ.

ನಡುವೆ ತಲುಪಿ ಕರೆ ಮಾಡಿದರು. ಮೊದಲ ರಿಂಗು ಮುಗಿಯುವ ಮುಂಚೆಯೇ ಮಾವ ಎತ್ತಿದರು.

"ಸಿಗ್ನಲ್ ಹೋಯ್ತು, ಅಷ್ಟೇ," ಅಂದರು ಅತ್ತೆ.

"ಹೌದಾ."

ಅತ್ತೆ ಫೋನನ್ನು ಇನ್ನೊಂದು ಕೈಗೆ ಬದಲಿಸಿದರು.

"ಕಿಟಕಿಯಲ್ಲಿ ನಿನ್ನ ಹಿಂದೆ ದಡದ ಸಿಲ್ವರ್ ಮರಗಳು ಓಡ್ತಿದ್ವು," ಅಂದರು ಮಾವ.

"ಗಾಳಿ."

"ಬುಡಸಮೇತ ಓಡೋ ಗಾಳಿಯಾ?"

ಮಾತ್ರೆ ತಗೊಂಡ್ರಾ ಎಂದು ಅತ್ತೆ ಕೇಳಿದರು.

"ಇಲ್ಲ. ಆ ಲೈಟು ಸ್ವಲ್ಪ ಹತ್ರ ತಾ. ಸರಿಯಾಗಿ ನೋಡ್ತೀನಿ."

ಅತ್ತೆ ತಲೆಯ ಮೇಲಿನ ಬಲ್ಬನ್ನು ವಯರಿನ ಸಮೇತ ಎಳೆದು ಕೆನ್ನೆಯ ಪಕ್ಕಕ್ಕೆ ಹಿಡಿದರು. ಆ ಬಿಳಿ ಬೆಳಕಿನಲ್ಲಿ ಮುಚ್ಚಿಡಲು ಏನೂ ಉಳಿಯಲಿಲ್ಲ. ಹಣೆಗೆ ಅಂಟಿದ ಒದ್ದೆ ಕೂದಲು, ಬೆಂಚು ತಗುಲಿ ಕೆಂಪಾದ ಗದ್ದ, ಕಿವಿಯ ಹತ್ತಿರ ಕೆಸರು. ಕೆಳತುಟಿ ನಡುಗುತ್ತಿತ್ತು. ಅದನ್ನು ನಿಲ್ಲಿಸಲು ಅವರು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಆಗಲಿಲ್ಲ. ಮುಖ ಆಚೆ ತಿರುಗಿಸಲಿಲ್ಲ, ಬಲ್ಬನ್ನೂ ಇಳಿಸಲಿಲ್ಲ.

ಮಾವ ನೋಡುತ್ತಲೇ ಇದ್ದರು. ನಾನು ಹುಟ್ಟು ಹಿಡಿದು ಕತ್ತಲಿನ ಕಡೆ ಮುಖ ಮಾಡಿ ಕೂತೆ. ಬಹಳ ಹೊತ್ತಿನ ಮೇಲೆ ಫೋನಿನೊಳಗಿನಿಂದ, ಮಾತ್ರೆಯ ಹಾಳೆ ಹರಿಯುವ ಚರಚರ ಸದ್ದು ಕೇಳಿಸಿತು.