ಅಗ್ಗದ ಕಂಪ್ಯೂಟರಿಗೆ ಆಯುಧಪೂಜೆ

ಮನೆಯ ವಸ್ತು ಕೆಟ್ಟರೆ ಮನುಷ್ಯ ಮೊದಲು ಅದನ್ನು ಕೊಟ್ಟವನನ್ನು ಬೈಯುತ್ತಾನೆ, ಆಮೇಲೆ ಮುಚ್ಚಳ ತೆಗೆದು ನೋಡುತ್ತಾನೆ. ನಾನು ಓದಿದ್ದು ಎಂಟನೇ ಕ್ಲಾಸು, ಸುತ್ತಿ ಬಳಸಿ ಹೇಳುವುದಕ್ಕೆ ಬರುವುದಿಲ್ಲ. ನಾನೂ ಹಾಗೇ ಮಾಡಿದೆ. ಬೈದದ್ದು ಮಂಜನನ್ನು.

ಮಂಜ ನನ್ನ ಚಿಕ್ಕಂದಿನ ಗೆಳೆಯ. ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಆಗ ಒಂದು ಸೈಬರ್ ಸೆಂಟರ್ ಇತ್ತು. ಸ್ಕೂಲು ಬಿಟ್ಟ ತಕ್ಷಣ ಅಲ್ಲಿಗೆ ಓಡಿ, ಒಂದೇ ಕುರ್ಚಿಯ ಮೇಲೆ ಇಬ್ಬರೂ ಅರ್ಧರ್ಧ ಕೂರುತ್ತಿದ್ದೆವು. ಕೀಬೋರ್ಡು ಅವನದು, ಮೌಸು ನನ್ನದು. ಅವನು ಓಡಿಸಬೇಕು, ನಾನು ಗುಂಡು ಹಾರಿಸಬೇಕು. ಗೇಮಿನೊಳಗಿನ ಮನುಷ್ಯ ಒಬ್ಬನೇ, ಅವನಿಗೆ ಯಜಮಾನರು ಇಬ್ಬರು. ಪಾಪ, ಗೋಡೆಗೆ ಗುದ್ದಿಕೊಂಡೇ ಸಾಯುತ್ತಿದ್ದ. “ಲೋ, ಎಡಕ್ಕೆ ತಿರುಗ್ಸೋ!” “ನೀನ್ ಮೊದ್ಲು ನಿಲ್ಸೋ!” ಎಂದು ಕಿರುಚಾಡಿದರೆ ಸೆಂಟರಿನ ಅಂಕಲ್ ಪರದೆ ಸರಿಸಿ, “ಮೀನ್ ಮಾರ್ಕೆಟ್ ಏನ್ರೋ ಇದು?” ಅನ್ನುತ್ತಿದ್ದರು. ಆ ಗೇಮಿನಲ್ಲಿ ಮನುಷ್ಯರ ಮುಖ ಇಟ್ಟಿಗೆಯ ಹಾಗಿತ್ತು, ಮರಗಳು ರಟ್ಟಿನ ಹಾಗೆ. ನಮಗೆ ಅದು ಕಾಣಿಸಲೇ ಇಲ್ಲ. ಈಗಲೂ ನೆನೆದರೆ ಆ ಕುರ್ಚಿಯ ಅಂಚು ತೊಡೆಗೆ ಒತ್ತಿದಂತಾಗುತ್ತದೆ.

ಈಗ ನಾನು ಕಡಕೊಳದ ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ನು ಓಡಿಸುತ್ತೇನೆ. ಮಂಜ ಒಂಟಿಕೊಪ್ಪಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈಗಿನ ದೊಡ್ಡ ಗೇಮು ಆಡಬೇಕು ಅಂತ ನನಗೆ ಆಸೆಯಾಯಿತು. ಯಾವುದೋ ಆಫೀಸಿನವರು ಮಾರಿದ್ದ ಹಳೆ ಕಂಪ್ಯೂಟರ್ ಡಬ್ಬಕ್ಕೆ ಅವನೇ ಗೇಮಿನ ಚಿತ್ರ ಓಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿ ಕೊಟ್ಟ. “ಅಗ್ಗದ್ದು ಕಣೋ. ಸೆಟ್ಟಿಂಗ್ ಎಲ್ಲ ಕಮ್ಮಿ ಇಟ್ಕೊ, ಓಡ್ತದೆ” ಅಂದ. ಓಡಿತು, ಆಯುಧಪೂಜೆಯವರೆಗೆ. ಹಬ್ಬದ ಹಿಂದಿನ ದಿನ ತಂದು ಎರಡು ನಿಮಿಷ ಹಾಕಿ ನೋಡಿದ್ದೇ ಅಷ್ಟು. ಹಬ್ಬದ ಮಾರನೇ ದಿನದಿಂದ ಗೇಮು ಹಾಕಿದ ಐದೇ ನಿಮಿಷಕ್ಕೆ ಹೀರೋ ಎತ್ತಿದ ಕಾಲು ಇಳಿಸದೆ ನಿಂತುಬಿಡುತ್ತಿದ್ದ. ಡಬ್ಬ ದೋಸೆ ಹೆಂಚಿನಂತೆ ಕಾಯುತ್ತಿತ್ತು. ಆಮೇಲೆ ಠಪ್ ಅಂತ ಆಫ್.

ಫೋನ್ ಮಾಡಿದೆ. “ಗುಜರಿ ಮಾಲ್ ನನ್ ತಲೆಗ್ ಕಟ್ಬುಟ್ಟೆ ಅಲ್ವೇನೋ? ಫ್ರೆಂಡು ಅಂತ ನಂಬುದ್ರೆ ಮೋಸ ಮಾಡ್ತೀಯಾ?”

ಅವನು ವಾದ ಮಾಡಲಿಲ್ಲ. “ಡಬ್ಬ ಕಳ್ಸು. ನೀನ್ ಬರ್ಬೇಡ” ಎಂದು ಫೋನ್ ಇಟ್ಟ. ಜಗಳವಾಡಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷದಲ್ಲಿ ಬರಬೇಡ ಅನ್ನುವ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ.

ಕಳಿಸುವುದಕ್ಕೆ ನನಗೆ ಯಾರಿದ್ದಾರೆ? ನಾನೇ ಹೊತ್ತುಕೊಂಡು ಹೋದೆ. ಮಂಜ ನನ್ನ ಮುಖ ನೋಡದೆ ಮುಚ್ಚಳ ಬಿಚ್ಚಿದ. ಗಾಳಿ ಹೋಗುವ ತೂತುಗಳಲ್ಲೆಲ್ಲ ಗಂಧ, ವಿಭೂತಿ ಒಣಗಿ ಗಾರೆಯಾಗಿತ್ತು. ಒಳಗೆ ಫ್ಯಾನಿನ ಸುತ್ತ ಚೆಂಡುಹೂವಿನ ಎಸಳು. ಲೇತಿಗೆ ಮಾಡುವ ಹಾಗೆ ಒಂದು ಸಂದೂ ಬಿಡದೆ ಪೂಜೆ ಮಾಡಿದ್ದೆ. ಪೂಜೆ ಮಾಡಿದ್ದನ್ನು ಒರೆಸಬಾರದು ಅಂತ ಹಾಗೇ ಬಿಟ್ಟಿದ್ದೆ.

“ಯಾರ್ ಮಾಡಿದ್ದು? ಅಮ್ಮನಾ?” ಅಂದ. ಹೂಂ ಅಂದಿದ್ದರೆ ಬಚಾವಾಗುತ್ತಿದ್ದೆ.

“ನಾನೇ ಕಣೋ.”

“ಉಸಿರಾಡೋ ಮೂಗಿಗೇ ಗಂಧ ಮೆತ್ತಿದ್ದೀಯಲ್ಲೋ! ದೇವ್ರೇ ಆಗಿದ್ರೂ ಎದ್ದೋಗ್ತಿದ್ದ.”

“ತಪ್ಪಾಯ್ತು ಮಂಜ. ಬಾಯಿಗ್ ಬಂದಂಗೆ ಮಾತಾಡ್ಬುಟ್ಟೆ.”

ಅವನು ಬ್ರಷ್ಷಿನಲ್ಲಿ ಗಂಧ ಕೆರೆಯುತ್ತಲೇ ಇದ್ದ. ಕೊನೆಗೆ ಕಾಲಿನಿಂದಲೇ ಒಂದು ಸ್ಟೂಲನ್ನು ನನ್ನತ್ತ ತಳ್ಳಿ, “ಕೂತ್ಕೊಳೋ ಪೂಜಾರಿ. ಆಡಿ ನೋಡು” ಅಂದ. ನನ್ನ ಜೀವ ವಾಪಸ್ ಬಂತು.

ಗೇಮು ಓಡಿತು. ಎಲೆಗಳು ಅಲುಗಾಡಿದವು, ನದಿಯ ನೀರು ಹೊಳೆಯಿತು. ಡಬ್ಬ ಬಿಸಿಯಾಗಲೇ ಇಲ್ಲ. ಈ ಗೇಮನ್ನು ಅಷ್ಟು ಹೊತ್ತು ಆಡಿದ್ದು ಅದೇ ಮೊದಲು; ಹತ್ತು ನಿಮಿಷಕ್ಕೆ ಸ್ಕ್ರೀನಿನ ಆ ಓಟ ನೋಡಿ ನನ್ನ ತಲೆ ಗಿರ್ರೆಂದು ತಿರುಗಿ, ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಿಸಿದೆ. ಮಂಜ ನೀರು ತಂದುಕೊಟ್ಟು, “ಕಂಪ್ಯೂಟರ್ ಸರಿಯಾಗೇ ಅದೆ ಕಣೋ. ನೀನೇ ಹ್ಯಾಂಗ್ ಆಗ್ಬುಟ್ಟೆ” ಎಂದು ನಕ್ಕ.

ಅಗ್ಗದ ಕಂಪ್ಯೂಟರ್ ದೊಡ್ಡ ಗೇಮನ್ನು ತಡೆದುಕೊಳ್ಳುತ್ತದಾ ಅಂತ ಫ್ಯಾಕ್ಟರಿಯಲ್ಲಿ ಯಾರಾದರೂ ಕೇಳಿದರೆ ಧಾರಾಳವಾಗಿ ತಡೆದುಕೊಳ್ಳುತ್ತದೆ ಅನ್ನುತ್ತೇನೆ. ಭಾನುವಾರ ಮಂಜ ನಮ್ಮ ಮನೆಗೆ ಬಂದು ಆಡುತ್ತಾನೆ. ನೋಡಿದರೆ ತಲೆ ತಿರುಗುತ್ತದೆ ಅಂತ ನಾನು ಗೋಡೆಯ ಕಡೆ ಮುಖ ಮಾಡಿ ಕೂತು, “ಏನಾಯ್ತೋ? ಸತ್ನಾ?” ಎಂದು ಕೇಳುತ್ತಿರುತ್ತೇನೆ. ಸ್ವಂತ ಕಂಪ್ಯೂಟರ್ ಇಟ್ಟುಕೊಂಡು ಗೇಮನ್ನು ರೇಡಿಯೋದ ಹಾಗೆ ಕೇಳುವವನು ಇಡೀ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು.