ಕೆಟ್ಟ ಫ್ರೀಜರಿನ ಕೈಗುಣ

ಇಲ್ಲಿ ಬರೆಯುವ ಕೆಲವು ಸಂಗತಿಗಳು ನಾನು ಹೇಳುವಂತೆ ನಡೆದಿರಲಿಕ್ಕಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ನೆನಪು ನಮ್ಮ ಮನೆಯ ಹಳೆಯ ಕುಕ್ಕರಿನ ಜಾತಿಯದು. ಸೀಟಿಯೇನೋ ಜೋರಾಗಿ ಹೊಡೆಯುತ್ತದೆ, ಮುಚ್ಚಳ ತೆಗೆದರೆ ಅನ್ನ ಬೆಂದಿರುವುದಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದವಳಿಗೆ ಈ ಗತಿ ಯಾಕೆ ಎಂದು ಕೇಳಬಹುದು. ಇದೆಲ್ಲ ನಡೆದ ವಾರದ ಪುಟ ತೆಗೆದು ನೋಡಿದೆ. ‘ವಿಪರೀತ ಚಳಿ. ದೋಸೆ ಚೆನ್ನಾಗಿತ್ತು’ ಎಂದಷ್ಟೇ ಇದೆ. ಮುಖ್ಯವಾದದ್ದು ಹೇಗೂ ಮರೆಯುವುದಿಲ್ಲ ಎಂಬ ಧೈರ್ಯದಲ್ಲಿ ಮುಖ್ಯವಾದದ್ದನ್ನೆಲ್ಲ ಬರೆಯದೆ ಬಿಡುವುದು ನನ್ನ ಪದ್ಧತಿ.

ಆಗ ನಾವು ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿದ್ದೆವು. ಎರಡು ಸಾವಿರದ ಆರೋ ಏಳೋ ಇರಬೇಕು. ನನ್ನ ಗಂಡ ಗಿರೀಶ ಅಲ್ಲಿಯ ಲಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ನಾನು ದಿನಾ ರೈಲು ಹಿಡಿದು ಸೋಲ್ನಾದ ಪ್ರಯೋಗಾಲಯಕ್ಕೆ ಹೋಗಿ, ಬ್ಯಾಕ್ಟೀರಿಯಾಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಮಲಗಿಸಿ, ಬೆಳೆದವೇ ಎಂದು ನೋಡಿ, ಬೆಳೆದಿಲ್ಲವೆಂದು ಬೇಸರಪಟ್ಟು ವಾಪಸು ಬರುತ್ತಿದ್ದೆ. ಮಗಳು ಸಿರಿ ದಾಗಿಸ್‌ಗೆ, ಅಂದರೆ ಅಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಸಿರಿ ಎಂಬುದು ಸ್ವೀಡನ್ನಿನಲ್ಲೂ ಹೆಣ್ಣುಮಕ್ಕಳ ಹೆಸರು. ನಾವು ಅಚ್ಚ ಕನ್ನಡದ ಹೆಸರಿಟ್ಟೆವೆಂದು ಬೀಗುತ್ತಿದ್ದರೆ, ಅಲ್ಲಿಯವರು, ಇವರು ನಮ್ಮ ದೇಶದ ಹೆಸರನ್ನೇ ಇಟ್ಟಿದ್ದಾರಲ್ಲ ಎಂದು ಬೀಗುತ್ತಿದ್ದರು.

ನಾವು ಬಾಡಿಗೆಗೆ ಹಿಡಿದ ಮನೆಯ ನೆಲಮಾಳಿಗೆಯಲ್ಲಿ ಒಂದು ಫ್ರೀಜರಿತ್ತು. ಮೇಲಿನಿಂದ ಮುಚ್ಚಳ ತೆಗೆಯುವ, ಹೆಣ ಮಲಗಿಸುವಷ್ಟು ಉದ್ದದ, ಪೆಟ್ಟಿಗೆಯಂಥ ಫ್ರೀಜರು. ಕೆಟ್ಟುಹೋಗಿತ್ತು. ಎಸೆದುಬಿಡೋಣ ಎಂದರೆ ಗಿರೀಶ, “ಕೆಟ್ಟಿರೋದು ಮೋಟರು ಕಣೆ, ಪೆಟ್ಟಿಗೆ ಅಲ್ಲ” ಎಂದ. ಆಗ ಅವನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿತ್ತು. ಆ ದೇಶದಲ್ಲಿ ಬಿಯರ್ ಬೇಕೆಂದರೆ ಸರ್ಕಾರಿ ಅಂಗಡಿಗೇ ಹೋಗಬೇಕು. ಅದು ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ, ಭಾನುವಾರ ತೆಗೆಯುವುದೇ ಇಲ್ಲ. ಗಿರೀಶನಿಗೆ ಬಿಯರಿನ ನೆನಪಾಗುತ್ತಿದ್ದುದು ಭಾನುವಾರವೇ. ಹಾಗಾಗಿ ಬಾರ್ಲಿಯ ಮೊಳಕೆ ಬೇಯಿಸಿ, ಈಸ್ಟು ಹಾಕಿ, ಹುಳಿಸಿ, ಬಾಟಲಿಗೆ ತುಂಬಿದ. ಅದನ್ನು ತಂಪು ಮಾಡಲು ಅಂಗಳದ ಹಿಮವನ್ನು ಬಕೆಟಿನಲ್ಲಿ ಹೊತ್ತು ತಂದು ಸತ್ತ ಫ್ರೀಜರಿಗೆ ಸುರಿಯುತ್ತಿದ್ದ.

“ಇಡೀ ದೇಶವೇ ಫ್ರಿಜ್ಜು. ಬಾಲ್ಕನಿಯಲ್ಲಿ ಇಟ್ಟರೆ ಆಗಲ್ವಾ?” ಎಂದೆ.

“ಹೊರಗೆ ಇಟ್ರೆ ಗಡ್ಡೆ ಕಟ್ಟುತ್ತೆ, ಒಳಗೆ ಇಟ್ರೆ ಬೆಚ್ಚಗಾಗುತ್ತೆ. ನಮಗೆ ಬೇಕಾದಷ್ಟೇ ಚಳಿ ಎಲ್ಲೂ ಸಿಗಲ್ಲ, ನಾವೇ ಮಾಡ್ಕೋಬೇಕು” ಎಂದ. ಬಿಯರಿನ ಬಗ್ಗೆಯೇ ಹೇಳಿದನೋ ನಮ್ಮ ಬಗ್ಗೆಯೋ, ಕೇಳಲಿಲ್ಲ.

ಆ ಚಳಿಗಾಲದಲ್ಲೇ ಅರಸೀಕೆರೆಯಿಂದ ನಮ್ಮತ್ತೆ ಬಂದರು. ಆರು ತಿಂಗಳು ಇರುವುದೆಂದು ತೀರ್ಮಾನವಾಗಿತ್ತು. ಮೊಮ್ಮಗಳು ಓಡಿಬಂದು “ಫರ್‌ಮೋರ್!” ಎಂದು ತಬ್ಬಿಕೊಂಡಳು. ಸ್ವೀಡಿಷ್‌ನಲ್ಲಿ ಅಪ್ಪನ ಅಮ್ಮ ಎಂದರ್ಥ. ಅತ್ತೆ ನಕ್ಕು, “ಫಾರ್ಮರ್ ನಾನಲ್ಲ ಪುಟ್ಟಿ, ನಮ್ಮಪ್ಪ” ಎಂದರು. ನೆಲಮಾಳಿಗೆಗೆ ಇಳಿದು ಬಾಟಲಿಗಳನ್ನು ನೋಡಿ, “ಇದೇನೋ ಗಿರೀಶ?” ಎಂದು ಕೇಳಿದರು. ಮಗ ಎಳ್ಳಷ್ಟೂ ತಡವರಿಸದೆ “ಬಾರ್ಲಿ ನೀರಮ್ಮ” ಎಂದ. ಸುಳ್ಳೆಂದು ಹೇಳುವಂತಿರಲಿಲ್ಲ. ಉರಿಮೂತ್ರಕ್ಕೆ, ಮೈ ಉಷ್ಣಕ್ಕೆ ಬಾರ್ಲಿ ನೀರು ಕುಡಿಸಿಯೇ ಅವನನ್ನು ಬೆಳೆಸಿದ್ದ ಅತ್ತೆ, “ಈ ಚಳೀಲಿ ನಿನಗೆಂಥ ಉಷ್ಣವೋ” ಎಂದು ಅವನ ಹಣೆ ಮುಟ್ಟಿ ನೋಡಿದರು.

ತೊಂದರೆ ಶುರುವಾದದ್ದು ದೋಸೆ ಹಿಟ್ಟಿನಿಂದ. ನಾನೂ ಗಿರೀಶನೂ ಕೆಲಸಕ್ಕೆ, ಸಿರಿ ದಾಗಿಸ್‌ಗೆ. ಅತ್ತೆಗೆ ಉಳಿದದ್ದು ಅಡುಗೆಮನೆ ಮತ್ತು ಮೂರು ಗಂಟೆಗೇ ಕತ್ತಲಾಗುವ ಕಿಟಕಿ. ಅವರು ರುಬ್ಬಿಟ್ಟ ಹಿಟ್ಟು ಒಂದು ರಾತ್ರಿಯಾದರೂ, ಎರಡು ರಾತ್ರಿಯಾದರೂ ಸಿಮೆಂಟಿನಂತೆ ಹಾಗೇ ಕೂತಿರುತ್ತಿತ್ತು. ಅರಸೀಕೆರೆಯ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹಿಟ್ಟು ಕಲಸಲು ಇವರನ್ನೇ ಕರೆಯುತ್ತಿದ್ದರಂತೆ. “ನಿಮ್ಮ ಕೈಗುಣ ಕಣ್ರೀ” ಎನ್ನುತ್ತಿದ್ದರಂತೆ. ಚಳಿಯಿಂದಾಗಿ ಹೀಗೆ ಎಂದು ನಾನು ವಿಜ್ಞಾನ ಹೇಳಿದೆ. ಅತ್ತೆ ತಮ್ಮ ಅಂಗೈ ನೋಡಿಕೊಳ್ಳುತ್ತ, “ಚಳಿ ನಮ್ಮೂರಲ್ಲೂ ಇರುತ್ತೆ ವಸು. ನನ್ನ ಕೈಗುಣ ಹೋಯ್ತು, ಅಷ್ಟೇ” ಎಂದರು.

ಒಂದು ಸಂಜೆ, ಪಾತ್ರೆ ತೊಳೆಯುತ್ತ ತೀರಾ ಸಾಮಾನ್ಯ ದನಿಯಲ್ಲಿ ಹೇಳಿದರು: “ಈ ಶನಿವಾರವೂ ಹಿಟ್ಟು ಉಬ್ಬಲಿಲ್ಲ ಅಂದ್ರೆ ನನ್ನನ್ನ ಮೊದಲೇ ಕಳಿಸಿಬಿಡ್ರಪ್ಪ. ಒಂದು ದೋಸೆಗೂ ಆಗದ ಮುದುಕಿ ನಿಮಗ್ಯಾಕೆ?”

ನನಗೆ ಅಳು ಬಂತು. ಅತ್ತೆ ಹೋಗಲಿ ಎಂದು ಸೊಸೆ ಅಳುವುದುಂಟು; ಇರಲಿ ಎಂದು ಅಳುವವಳನ್ನು ನೀವು ನಂಬುತ್ತೀರೋ ಇಲ್ಲವೋ. ಸಂಜೆ ರೈಲಿಳಿದು ಬರುವಾಗ ನಮ್ಮ ಅಡುಗೆಮನೆಯ ದೀಪ ಉರಿಯುತ್ತಿರುತ್ತಿತ್ತು. ಅದೊಂದು ಅಭ್ಯಾಸವಾಗಿಬಿಟ್ಟಿತ್ತು ನನಗೆ.

ಆ ಶನಿವಾರಕ್ಕೇ ಗಿರೀಶ ತನ್ನ ಕಾರ್ಖಾನೆಯ ಗೆಳೆಯ ಲೆನ್ನಾರ್ಟ್‌ನನ್ನೂ ಅವನ ಹೆಂಡತಿಯನ್ನೂ ಬಿಯರ್ ರುಚಿ ನೋಡಲು ಕರೆದಿದ್ದ. ಪೆಟ್ಟಿಗೆಯಲ್ಲಿ ಬಾಟಲಿಗಳು ಹಿಮದ ಮೇಲೆ ಹದವಾಗಿ ತಂಪಾಗುತ್ತಿದ್ದವು. ಶುಕ್ರವಾರ ಸಂಜೆ ಅವನು ಅಮ್ಮನ ಹಿಟ್ಟಿನ ಪಾತ್ರೆಯನ್ನೂ ನನ್ನ ಕೆಂಪು ಮೂಗನ್ನೂ ನೋಡಿ, ಕೆಳಗಿಳಿದು, ಬಕೆಟಿನಲ್ಲಿ ಹಿಮವನ್ನೆಲ್ಲ ಎತ್ತಿ ಹೊರಗೆಸೆದ. “ತಂಪನ್ನ ಹಿಡಿದಿಡೋ ಪೆಟ್ಟಿಗೆ ಬಿಸೀನೂ ಹಿಡಿದಿಡುತ್ತೆ” ಎಂದ. ಬಾಟಲಿಗಳನ್ನು ಬಾಲ್ಕನಿಗೆ ಸಾಗಿಸಿ, ಫ್ರೀಜರಿನೊಳಗೆ ಕಂಬಳಿ ಹಾಸಿ, ಬಿಸಿನೀರಿನ ಚೀಲಗಳ ನಡುವೆ ಹಿಟ್ಟಿನ ಪಾತ್ರೆಯನ್ನು ಮಗುವಿನಂತೆ ಮಲಗಿಸಿದ. ಬ್ಯಾಕ್ಟೀರಿಯಾಗಳನ್ನು ಬೆಚ್ಚಗಿಡುವುದಕ್ಕೇ ಸಂಬಳ ಪಡೆಯುತ್ತಿದ್ದ ನಾನು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದೆ. ಅತ್ತೆ ಮೆಟ್ಟಿಲ ಮೇಲಿಂದ, “ಐಸ್ ಪೆಟ್ಟಿಗೇಲಿ ಹಿಟ್ಟು ಹುಳಿಸೋ ಮಗನನ್ನ ಹೆತ್ತೆನಲ್ಲಪ್ಪ!” ಎಂದರು. ಬಾಟಲಿಯೊಂದು ಪೆಟ್ಟಿಗೆಯ ಮೂಲೆಯಲ್ಲಿ, ಕಂಬಳಿಯಡಿ ಉಳಿದುಹೋದದ್ದನ್ನು ನಾವಿಬ್ಬರೂ ನೋಡಲಿಲ್ಲವೆಂದು ಕಾಣುತ್ತದೆ.

ಬೆಳಿಗ್ಗೆ ನಾನು ಎದ್ದುಬಂದಾಗ ಅತ್ತೆ ಆಗಲೇ ಪಾತ್ರೆಯನ್ನು ಮೇಲೆ ತಂದಿದ್ದರು. ಹಿಟ್ಟು ಉಬ್ಬಿ, ಮುಚ್ಚಳ ಎತ್ತಿ, ಅಂಚಿನಿಂದ ಇಳಿಯುತ್ತಿತ್ತು. ಅತ್ತೆಯ ಮುಖದ ನಗುವೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಬಾಲ್ಕನಿಯಲ್ಲಿ ಬಾಟಲಿಗಳು ಬಿರುಕುಬಿಟ್ಟು ಕಂದು ಬಣ್ಣದ ಐಸ್‌ಕ್ಯಾಂಡಿಗಳಾಗಿ ನಿಂತಿದ್ದವು. ಗಿರೀಶ ಅವನ್ನು ಒಮ್ಮೆ, ಅಮ್ಮನ ಮುಖವನ್ನು ಒಮ್ಮೆ ನೋಡಿ, ಬಾಲ್ಕನಿಯ ಬಾಗಿಲು ಮುಚ್ಚಿದ. ಲೆನ್ನಾರ್ಟ್ ದಂಪತಿಗಳು ಬಿಯರಿನ ಬದಲು ಲಿಂಗನ್ ಹಣ್ಣಿನ ಶರಬತ್ತು ಕುಡಿದು, ಫೋರ್ಕಿನಲ್ಲಿ ದೋಸೆ ಕತ್ತರಿಸಿ ತಿಂದರು. ಲೆನ್ನಾರ್ಟ್ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು, “ಗಿರೀಶ್, ನಿನ್ನ ಬಿಯರಿನ ವಾಸನೆ ಇದರಲ್ಲೇ ಇದೆಯಲ್ಲ!” ಎಂದು ನಕ್ಕ. ಸಿರಿ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲು ಹೊರಟಳು. ನಾನು ಅವಳ ಬಾಯಿಗೆ ದೋಸೆ ತುರುಕಿದೆ. ಅತ್ತೆ ಆರು ತಿಂಗಳೂ ಇದ್ದರು. ಪೆಟ್ಟಿಗೆ ಹಿಟ್ಟಿನ ಪಾಲಾಯಿತು, ಗಿರೀಶ ಮತ್ತೆ ಸರ್ಕಾರಿ ಅಂಗಡಿಯ ಸಾಲಿನಲ್ಲಿ ನಿಂತ.

ಇಷ್ಟರಲ್ಲಿ ನನ್ನ ನೆನಪು ಎಲ್ಲಿ ಕೈಕೊಟ್ಟಿದೆಯೋ ಗೊತ್ತಿಲ್ಲ. ಆದರೆ ಒಂದು ಚಿತ್ರ ಮಾತ್ರ ಹೋಗುತ್ತಿಲ್ಲ. ಆ ಬೆಳಿಗ್ಗೆ ಅಡುಗೆಮನೆಯಲ್ಲಿ, ತೊಳೆದ ಲೋಟಗಳ ಜೊತೆ, ಚೊಕ್ಕವಾಗಿ ತೊಳೆದು ಬೋರಲು ಹಾಕಿದ ಒಂದು ಕಂದು ಬಾಟಲಿ. ಗಿರೀಶನನ್ನು ಕೇಳಿದರೆ ಅಂಥ ಬಾಟಲಿಯೇ ಇರಲಿಲ್ಲ ಎನ್ನುತ್ತಾನೆ. ಇದ್ದಿದ್ದರೆ, ಬಾರ್ಲಿ ನೀರು ದಂಡವಾಗಬಾರದೆಂದು ಅಮ್ಮ ರಾತ್ರಿಯೇ ಹಿಟ್ಟಿಗೆ ಸುರಿದಿರಬೇಕು ಎಂದೂ ಸೇರಿಸುತ್ತಾನೆ. ನನಗೆ ಬೇರೆಯೇ ಅನುಮಾನ. ಅಂದು ಅತ್ತೆ ಅಷ್ಟೊಂದು ನಗುತ್ತಿದ್ದದ್ದು ಬರೀ ದೋಸೆಗಿರಲಾರದು.

ಮೊನ್ನೆ ಫೋನಿನಲ್ಲಿ ಧೈರ್ಯ ಮಾಡಿ ಅತ್ತೆಯನ್ನೇ ಕೇಳಿಬಿಟ್ಟೆ. ಕೇಳಿದ ಮೇಲೆ ಹೊಳೆಯಿತು, ಹಿಟ್ಟಿಗೆ ಸುರಿದೆ ಎಂದರೆ ಅವರ ಕೈಗುಣ ಹೋಗುತ್ತದೆ, ಕುಡಿದೆ ಎಂದರೆ ಅವರ ಮಡಿ ಹೋಗುತ್ತದೆ, ಬಾಟಲಿಯೇ ಇರಲಿಲ್ಲ ಎಂದರೆ ನನ್ನ ಪ್ರಬಂಧ ಹೋಗುತ್ತದೆ. ಇಂಥ ಪ್ರಶ್ನೆಯನ್ನು ಬುದ್ಧಿ ಇದ್ದವರು ಯಾರಾದರೂ ಕೇಳುತ್ತಾರೆಯೇ? ಅತ್ತೆ ಮಾತ್ರ, “ಸಿರಿ ಊಟ ಮಾಡಿದ್ಲಾ?” ಎಂದರು.

ಮಾಡಿದಳು ಅತ್ತೆ. ಆದರೆ ಆ ಬಾಟಲಿಯಲ್ಲಿದ್ದದ್ದು ಏನಾಯಿತು?