ಹೊಂಗೆ ನೆರಳಿಗಾಗಿ ಒಂದು ದಂಡಯಾತ್ರೆ

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಯುದ್ಧಕ್ಕೆ ಕಾರಣಗಳೇನು ಎಂದು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುತ್ತೇನೆ. ರಾಜ್ಯ ವಿಸ್ತರಣೆ, ವ್ಯಾಪಾರದ ಪೈಪೋಟಿ ಎಂದು ಮಕ್ಕಳು ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ. ಈಚೆಗೆ ಮಾತ್ರ ಅಂಕ ಕೊಡುವಾಗ ಕೈ ತಡೆಯುತ್ತದೆ. ಎಲ್ಲೋ ಒಂದು ಸಣ್ಣ ಕಿರಿಕಿರಿ, ಅದರ ಬೆನ್ನಿಗೇ ಒಂದು ಸೋತ ದಾಳಿ, ಇಷ್ಟು ಸಾಕು ದೊಡ್ಡ ಯುದ್ಧಕ್ಕೆ. ಗೆದ್ದ ದಾಳಿಯನ್ನು ಎಲ್ಲರೂ ಬೇಗ ಮರೆಯುತ್ತಾರೆ. ಸೋತ ದಾಳಿ ಹಾಗಲ್ಲ. ಹೋದವನು ಮಾನ ಹೋಯಿತೆಂದು ಕೊರಗುತ್ತಾನೆ; ಮನೆಯಲ್ಲಿದ್ದವನು ‘ಇವನು ಯಾಕೆ ಬಂದಿದ್ದ?’ ಎಂದು ಯೋಚಿಸತೊಡಗುತ್ತಾನೆ. ಈ ಯೋಚನೆಯೇ ಬಹಳ ಅಪಾಯಕಾರಿ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ನಮ್ಮ ಕಾಂಪೌಂಡಿನ ಮೇಲೆ ಕೂತು ಕಲಿತೆ.

ನಮ್ಮದು ಬೆಟ್ಟದ ಬುಡದ ಓಣಿ. ಆ ಏಕಶಿಲೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನೇ ನಮ್ಮ ಮೇಲೆ ಉಸಿರುತ್ತದೆ. ಇಲ್ಲಿ ನೆರಳಿಗಿರುವ ಬೆಲೆ ಹೊರಗಿನವರಿಗೆ ತಿಳಿಯುವುದು ಕಷ್ಟ. ಪಕ್ಕದ ಮನೆ ನಂಜುಂಡಪ್ಪನವರ ಹಿತ್ತಲಲ್ಲಿ ಒಂದು ಹೊಂಗೆಮರವಿದೆ. ಅದರ ಒಂದು ಕೊಂಬೆ ಗೋಡೆ ದಾಟಿ ನಮ್ಮ ಕಡೆ ಚಾಚಿತ್ತು. ಮಧ್ಯಾಹ್ನ ಊಟವಾದ ಮೇಲೆ ಅದರ ನೆರಳು ಮೆಲ್ಲಗೆ ಬಂದು ನಮ್ಮ ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಹಾಸಿಕೊಳ್ಳುತ್ತಿತ್ತು. ರಜಾ ದಿನಗಳಲ್ಲಿ ನಾನು ಅದರ ಮೇಲೆ ಹಾಸಿಕೊಳ್ಳುತ್ತಿದ್ದೆ. ಎಲೆಗಳ ಸಂದಿಯಿಂದ ಬೆಟ್ಟದ ಮೇಲಿನ ಕೋಟೆಯ ಗೋಡೆ ಅಲುಗಾಡಿದಂತೆ ಕಾಣುತ್ತಿತ್ತು. ಅರೆನಿದ್ದೆಯಲ್ಲಿ ಹಳೆಯ ಪಾಳೆಯಗಾರರ ನಿಡುಗಲ್ಲಿನ ಕಡೆಯಿಂದ ಕುದುರೆಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಸವಾರರ ಮುಖಗಳು ನೋಡಿದರೆ ನಮ್ಮ ಸ್ಟಾಫ್ ರೂಮಿನವರವೇ. ಯಾರೂ ಯಾರನ್ನೂ ಕೊಲ್ಲುತ್ತಿರಲಿಲ್ಲ. ಎಲ್ಲರೂ ಬಂದು ನನ್ನ ಚಪ್ಪಡಿಯ ಸುತ್ತ ನಿಂತು ಗಾಳಿ ಹಾಕಿಸಿಕೊಂಡು ಹೋಗುತ್ತಿದ್ದರು. ಹೊಂಗೆ ಹೂವು ಮೂಗಿನ ಮೇಲೆ ಬಿದ್ದಾಗ ಎಚ್ಚರವಾಗುತ್ತಿತ್ತು.

ನನಗೆ ಸುಖ ಕೊಟ್ಟ ಈ ಹೂವೇ ನನ್ನ ಹೆಂಡತಿ ಪದ್ಮಾಳಿಗೆ ಕಸ. ಗುಡಿಸಿ ಗುಡಿಸಿ ಸೊಂಟ ಹಿಡಿದು, ಒಂದು ದಿನ “ಅವರ ಮರದ್ದು ಅವರಿಗೇ ಇರಲಿ” ಎಂದು ಒಂದು ಮೊರದಷ್ಟು ಎಲೆ ಗೋಡೆಯಾಚೆ ಸುರಿದಳು. ಅಲ್ಲಿ ನಂಜುಂಡಪ್ಪನವರ ಹೆಂಡತಿ ಗೌರಕ್ಕ ಆಗಷ್ಟೇ ಹಪ್ಪಳ ಒಣಹಾಕಿದ್ದರು. ಎಲೆ ವಾಪಸ್ ಬಂತು, ಜೊತೆಗೆ ಒಂದೆರಡು ಮಾತೂ ಬಂತು. ಪದ್ಮಾಳಿಗೆ ಟೈಫಾಯಿಡ್ ಆದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ ಗೌರಕ್ಕ ಅವರು. ಅಂಥವರಿಬ್ಬರು ಒಂದು ಮೊರ ಎಲೆಗೆ ಮಾತು ಬಿಟ್ಟರು. ಕೊನೆಗೆ ನಂಜುಂಡಪ್ಪನವರು ಗೋಡೆಯಾಚೆಯಿಂದ ಘೋಷಿಸಿದರು: “ಕೊಂಬೆನೇ ಕಡ್ದಾಕ್ತೀನಿ ಬುಡಿ. ಎಲೆನೂ ಬ್ಯಾಡ, ಮಾತೂ ಬ್ಯಾಡ.”

ಕೊಂಬೆ ಹೋದರೆ ನನ್ನ ನಿದ್ದೆಯೂ ಹೋದಂತೆ. ‘ನೆರಳು ಬೇಕು, ಕಡಿಯಬೇಡಿ’ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ಯುದ್ಧದಲ್ಲಿರುವಾಗ ಗಂಡ ನಿದ್ದೆಯ ವಿಚಾರ ಎತ್ತುವುದು ಹೇಗೆ? ಬಹಳ ಯೋಚಿಸಿ ಶತ್ರುವಿನ ಆಯುಧವನ್ನೇ ಅಪಹರಿಸುವುದೆಂದು ನಿರ್ಧರಿಸಿದೆ. ನಂಜುಂಡಪ್ಪನವರ ಹತ್ತಿರ ಒಂದು ಒಳ್ಳೆಯ ಮಚ್ಚು ಇತ್ತು. ಹಿತ್ತಲ ಶೆಡ್ಡಿನಲ್ಲಿ ನೇತುಹಾಕಿರುತ್ತಿದ್ದರು. ಅವರು ತಮ್ಮೂರು ಬರಗೂರಿಗೆ ಹೋದ ಒಂದು ಮಧ್ಯಾಹ್ನ ಪಂಚೆ ಎತ್ತಿಕಟ್ಟಿ ಗೋಡೆ ಹತ್ತಿದೆ. ಹತ್ತಿದ್ದೇನೋ ಹತ್ತಿದೆ, ಆ ಕಡೆ ಇಳಿಯುವಷ್ಟರಲ್ಲಿ ಪಂಚೆಯ ತುದಿ ಅದೇ ಹೊಂಗೆ ಕೊಂಬೆಗೆ ಸಿಕ್ಕಿಕೊಂಡಿತು. ನಾನು ಯಾವುದರ ಪ್ರಾಣ ಉಳಿಸಲು ಬಂದಿದ್ದೆನೋ ಅದೇ ನನ್ನ ಮಾನ ಹಿಡಿದುಕೊಂಡು ನಿಂತಿತು. ಗೋಡೆಯ ಮೇಲಿಂದಲೇ ಶೆಡ್ಡಿನೊಳಕ್ಕೆ ಇಣುಕಿದೆ. ಮಚ್ಚೂ ಕಾಣಲಿಲ್ಲ.

“ಯಾಕ್ ಮೇಷ್ಟ್ರೇ, ಗೇಟು ತೆಗ್ದೇ ಐತಲ್ಲ?” ಗೌರಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

ಬಾಯಿಗೆ ಬಂದದ್ದನ್ನು ಹೇಳಿದೆ. “ಸ್ವಲ್ಪ ಹೆಪ್ಪು ಬೇಕಾಗಿತ್ತು ಗೌರಕ್ಕ.”

ಅವರು ಒಳಗೆ ಹೋಗಿ ಬಟ್ಟಲಲ್ಲಿ ಮೊಸರು ತಂದರು, ನಾನು ಪಂಚೆ ಬಿಡಿಸಿಕೊಳ್ಳುವವರೆಗೆ ಸೌಜನ್ಯದಿಂದ ಆಚೆ ನೋಡಿದರು, ಗೇಟಿನ ದಾರಿ ತೋರಿಸಿದರು. ಬಟ್ಟಲು ಹಿಡಿದು ಮನೆಗೆ ಬಂದೆ. ಪದ್ಮಾಳ ತವರು ಆಂಧ್ರದ ಗಡಿಯ ವೈ.ಎನ್. ಹೊಸಕೋಟೆ. ಕೋಪ ಬಂದರೆ ಅವಳು ತೆಲುಗಿಗೆ ಹೊರಳುತ್ತಾಳೆ. “ಮಾತು ಬಿಟ್ಟ ಮನೆಯಿಂದ ಹೆಪ್ಪು ಇಸ್ಕೊಂಡು ಬಂದ್ರಾ? ಸಿಗ್ಗು ಲೇದಾ ಮೀಕು?” ಎಂದಳು. ನಾಚಿಕೆ ಇಲ್ಲವೇ ಎಂದು ತೆಲುಗಿನಲ್ಲಿ ಕೇಳಿಸಿಕೊಂಡಾಗ ಆಗುವ ನಾಚಿಕೆಯೇ ಬೇರೆ. ಆದರೆ ಹೆಪ್ಪು ಚೆಲ್ಲಲು ಅವಳಿಗೂ ಕೈ ಬರಲಿಲ್ಲ. ಮರುದಿನ ಮೊಸರು ಗಟ್ಟಿಯಾಗಿ, ಸಿಹಿಯಾಗಿತ್ತು. ಅದನ್ನು ಉಣ್ಣುತ್ತ ಅವಳು ಗೋಡೆಯ ಕಡೆಗೊಮ್ಮೆ ನೋಡಿದಳು.

ಬರಗೂರಿನಿಂದ ಮರಳಿದ ನಂಜುಂಡಪ್ಪನವರು ಗೌರಕ್ಕನಿಂದ ವಿಷಯ ತಿಳಿದು ಯೋಚಿಸತೊಡಗಿದರು. ಅವರು ನಿವೃತ್ತ ಬಸ್ ಕಂಡಕ್ಟರ್. ಟಿಕೆಟ್ಟಿಲ್ಲದವನ ಮುಖ ನೋಡಿಯೇ ಹೇಳಬಲ್ಲವರು. ಹೆಪ್ಪಿಗೆ ಯಾರಾದರೂ ಗೋಡೆ ಹತ್ತುತ್ತಾರೆಯೇ? “ಅಳತೆ ನೋಡಕ್ ಬಂದಿದ್ರು ಕಣೇ. ನಾಳೆ ಗೋಡೆ ನಮ್ದು ಅಂತಾರೆ” ಎಂದು ತೀರ್ಮಾನಿಸಿದರು. ಮುಂದಿನ ವಾರ ಅವರ ಮನೆ ಮುಂದೆ ಇಟ್ಟಿಗೆ, ಮರಳು ಬಂದು ಬಿತ್ತು. ಗೋಡೆ ಎತ್ತರವಾಗುವುದೆಂದು ಓಣಿಗೆಲ್ಲ ಗೊತ್ತಾಯಿತು. ಓಣಿ ಎರಡು ಪಕ್ಷವಾಯಿತು.

ಗಾರೆಯವರು ದಾರ ಕಟ್ಟಿದ ಬೆಳಿಗ್ಗೆ ಮಹಾಯುದ್ಧ ಶುರುವಾಯಿತು. ಎಂದೋ ಮದುವೆಯಲ್ಲಿ ಮಾತಾಡಿಸದೆ ಹೋದದ್ದು, ರೇಡಿಯೋ ಜೋರಾಗಿಟ್ಟದ್ದು, ಹಪ್ಪಳ, ಮೊರ, ಎಲ್ಲವೂ ರಣರಂಗಕ್ಕೆ ಇಳಿದವು. ಅಷ್ಟು ಕೂಗಾಟದಲ್ಲಿ ನೆರಳು ಎಂಬ ಪದವನ್ನು ಯಾರೂ ಒಮ್ಮೆಯೂ ಆಡಲಿಲ್ಲ. ಕೊನೆಗೆ ನಂಜುಂಡಪ್ಪನವರು ನನ್ನತ್ತ ತಿರುಗಿದರು.

“ನೀವು ಮರ್ಯಾದಸ್ತರು ಮೇಷ್ಟ್ರೇ. ನಿಜ ಹೇಳಿ, ಗೋಡೆ ಯಾಕ್ ಹತ್ತಿದ್ರಿ?”

ಗೌರಕ್ಕನ ಕಣ್ಣು ತುಂಬಿತ್ತು. ಪದ್ಮಾಳ ಗಂಟಲು ಒಡೆದಿತ್ತು. ನನಗೆ ಸಾಕಾಗಿತ್ತು. “ನಿಮ್ಮ ಮಚ್ಚು ಎತ್ಕೊಂಡು ಹೋಗೋಕೆ” ಎಂದುಬಿಟ್ಟೆ.

ಗಾರೆಯವರ ಕರಣೆಯೂ ನಿಂತಿತು. “ಮಚ್ಚಾ?” ಎಂದರು ನಂಜುಂಡಪ್ಪನವರು. “ಅದು ನಿಮ್ಮನೇಲೇ ಐತಲ್ರೀ! ಸಂಕ್ರಾಂತಿಗೆ ಕಬ್ಬು ಕಡ್ಯಕ್ಕೆ ಪದ್ಮಮ್ಮ ಇಸ್ಕಂಡೋದ್ರು. ಅದಿಲ್ದೇನೇ ನಾನು ಕೊಂಬೆ ಕಡೀದೆ ಕುಂತಿರಾದು. ಮಾತು ಬಿಟ್ಟೋರ್ನ ಹೆಂಗ್ ಕೇಳಾದು ಅಂತ ಇವ್ಳು ಬುಡ್ಲಿಲ್ಲ.”

“ಅಟ್ಟದ ಮೇಲಿದೆ” ಎಂದಳು ಪದ್ಮಾ, ಬಹಳ ಸಣ್ಣ ದನಿಯಲ್ಲಿ, ಅಪ್ಪಟ ಕನ್ನಡದಲ್ಲಿ.

ಮೊದಲು ನಕ್ಕವರು ಗೌರಕ್ಕ. “ಅಯ್ಯೋ, ಮಚ್ಚಿಗೆ ಬಂದು ಹೆಪ್ಪು ತಗಂಡೋದ್ರಾ ಮೇಷ್ಟ್ರೇ!” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತರು. ಪದ್ಮಾ ನಗುತ್ತಲೋ ಅಳುತ್ತಲೋ ಹೋಗಿ ಅವರ ಪಕ್ಕ ಕೂತಳು. ಆ ನಗುವಿನಲ್ಲಿ ಮಚ್ಚು ನನಗೆ ಯಾಕೆ ಬೇಕಿತ್ತೆಂದು ಕೇಳಲು ಎಲ್ಲರೂ ಮರೆತರು. ಇಟ್ಟಿಗೆ ಮುಂದೆ ನಂಜುಂಡಪ್ಪನವರ ಬಚ್ಚಲುಮನೆ ಕಟ್ಟಲು ಉಪಯೋಗವಾಯಿತು. ಅದೇ ಸಂಜೆ ನಾನು ಮಚ್ಚಿಗೆ ಎಣ್ಣೆ ಒರೆಸಿ, ಗೇಟಿನ ಮೂಲಕವೇ ಹೋಗಿ, ಎರಡೂ ಕೈಯಲ್ಲಿ ಒಪ್ಪಿಸಿ ಬಂದೆ. ಅಂದು ತಂಪಾದ ಗಾಳಿ ಬೀಸಿತು. ಬೆಟ್ಟ ಕೂಡ ಹಗುರವಾಗಿ ತೇಲುವಂತೆ ಕಂಡಿತು.

ಮರುದಿನ ಭಾನುವಾರ. ಊಟ ಮುಗಿಸಿ, ದಿಂಬು ಹಿಡಿದು, ಬಹಳ ಕಾಲದ ಮೇಲೆ ನೆಮ್ಮದಿಯಿಂದ ಹಿತ್ತಲಿಗೆ ಬಂದೆ. ಚಪ್ಪಡಿಯ ಮೇಲೆ ಬಿಸಿಲು ಕಾಲು ಚಾಚಿ ಮಲಗಿತ್ತು. ಗೋಡೆಯಾಚೆ ಬೆವರು ಒರೆಸಿಕೊಳ್ಳುತ್ತ ನಂಜುಂಡಪ್ಪನವರು ನಿಂತಿದ್ದರು, ಕಾಲ ಬಳಿ ಇಡೀ ಕೊಂಬೆ. “ಪದ್ಮಮ್ಮಂಗೆ ಇನ್ ಗುಡ್ಸಾ ಕಷ್ಟ ಇಲ್ಲ” ಎಂದರು, ಮುಖದ ತುಂಬ ಪ್ರೀತಿ. “ಖುಷಿ ಆಯ್ತಾ ಮೇಷ್ಟ್ರೇ?”

ದಿಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೇಳಿದೆ: “ತುಂಬಾ ಉಪಕಾರ ಆಯ್ತು ನಂಜುಂಡಪ್ಪನವರೇ.”